ಮುಂದೂಡಿದ ಯಾತ್ರೆಯ ಮುಂಗಡ

2020ನೆಯ ಇಸವಿಯ ಮಾರ್ಚ್ ತಿಂಗಳ ಮಧ್ಯಭಾಗದಿಂದ ಮೊದಲ್ಗೊಂಡು ಸುಮಾರು ಎರಡು ವರ್ಷಗಳ ಕಾಲ, ಕೊರೋನಾ ಮಹಾಮಾರಿಯ ನಿಮಿತ್ತದಿಂದ ನಮ್ಮ ದೇಶದಲ್ಲಿಯೂ ಪರದೇಶಗಳಲ್ಲಿಯೂ ಎಷ್ಟು ಯಾತ್ರೆಗಳು ನಿಂತವೋ, ಎಷ್ಟು ಕುಟುಂಬಗಳ ವಿಹಾರಸಂಕಲ್ಪಗಳು ಒಂದು ಋತುವಿನಿಂದ ಇನ್ನೊಂದು ಋತುವಿಗೆ, ಒಂದು ವರ್ಷದಿಂದ ಮತ್ತೊಂದು ವರ್ಷಕ್ಕೆ ತಳ್ಳಲ್ಪಟ್ಟವೋ ಅದನ್ನು ಲೆಕ್ಕಕ್ಕೆ ಹಿಡಿಯುವುದು ಸುಲಭವಲ್ಲ. ಪ್ರಾಣವೇ ಸಂಶಯದಲ್ಲಿದ್ದ ಕಾಲದಲ್ಲಿ ವಿಹಾರದ ಮಾತಿಗೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವುಂಟು. ಆದರೆ ನಿಂತುಹೋದ ಪ್ರತಿಯೊಂದು ಯಾತ್ರೆಯ ಹಿಂದೆಯೂ ಮುಂಗಡವಾಗಿ ಕೊಟ್ಟ ಒಂದಿಷ್ಟು ಹಣವಿತ್ತು. ಯಾತ್ರೆ ನಿಂತಮೇಲೂ ಆ ಹಣ ಎಲ್ಲಿಯೋ ಒಬ್ಬರ ಕೈಯಲ್ಲಿ ಉಳಿದುಕೊಂಡಿತ್ತು. ಅದು ಯಾರದು ಎಂಬ ಪ್ರಶ್ನೆಯನ್ನು ಆ ಎರಡು ವರ್ಷಗಳಲ್ಲಿ ನಮ್ಮ ಸಮಾಜವು ಸರಿಯಾಗಿ ಕೇಳಿಕೊಳ್ಳಲೂ ಇಲ್ಲ, ಉತ್ತರವನ್ನು ನಿಶ್ಚಯಿಸಲೂ ಇಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾರ ತಪ್ಪೂ ಇಲ್ಲದೆ ನಿಂತ ಯಾತ್ರೆಯ ಮುಂಗಡವು ಅದನ್ನು ಪಡೆದವರ ಕೈಯಲ್ಲಿ ಋಣವಾಗಿ ನಿಲ್ಲುತ್ತದೆ. ಆ ಋಣವನ್ನು ಹಣವಾಗಿ ಹಿಂದಕ್ಕೆ ಪಡೆಯುವುದೋ, ಮುಂದಿನ ದಿನಾಂಕಕ್ಕೆ ಬುಕಿಂಗನ್ನು ಬದಲಾಯಿಸಿಕೊಳ್ಳುವುದೋ, ದಯೆಯಿಂದ ಬಿಟ್ಟುಕೊಡುವುದೋ, ಈ ಮೂರನ್ನೂ ನಿಶ್ಚಯಿಸತಕ್ಕ ಅಧಿಕಾರ ಕೊಟ್ಟವನದು. ಪಡೆದವನು ತಾನೇ ನಿಶ್ಚಯಿಸಿ ತಿಳಿಸುವುದು ಅಧರ್ಮ.

ಈ ಪ್ರಶ್ನೆ ಅತ್ಯಂತ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಸಮುದ್ರದ ವಿಹಾರನೌಕೆಗಳ, ಎಂದರೆ ಎಲ್ಲರೂ ಈಗ ಕ್ರೂಸ್ ಎಂದು ಕರೆಯುವ ಪ್ರವಾಸಗಳ ವ್ಯವಹಾರದಲ್ಲಿ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ಹಡಗು 3,700ಕ್ಕೂ ಮಿಕ್ಕ ಜನರನ್ನು ಹೊತ್ತು ದಿಗ್ಬಂಧನದಲ್ಲಿ ನಿಂತಿತು. ಅವರಲ್ಲಿ 700ಕ್ಕೂ ಹೆಚ್ಚು ಮಂದಿ ಸೋಂಕಿಗೆ ಗುರಿಯಾದರು. ಅದರಲ್ಲಿದ್ದ 138 ಭಾರತೀಯರ ಪೈಕಿ 132 ಮಂದಿ ಹಡಗಿನ ನೌಕರರೆಂಬುದನ್ನು ಇಲ್ಲಿಯೇ ನೆನಪಿನಲ್ಲಿಡುವುದು ಒಳ್ಳೆಯದು. ಒಬ್ಬರ ವಿಹಾರವು ಇನ್ನೊಬ್ಬರ ಅನ್ನವಾಗಿರುತ್ತದೆ ಎಂಬ ಮಾತಿಗೆ ಮುಂದೆ ಬರಬೇಕಾಗಿದೆ. ಮಾರ್ಚ್ 14ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರವು ವಿಹಾರನೌಕೆಗಳ ಸಂಚಾರವನ್ನು ನಿಷೇಧಿಸಿತು. ಆ ದೇಶದ ಬಂದರುಗಳಿಂದ ಪ್ರಯಾಣಿಕರನ್ನು ಹತ್ತಿಸಿಕೊಂಡು ದೊಡ್ಡ ಹಡಗುಗಳು ಮರಳಿ ಹೊರಟದ್ದು 2021ರ ಜೂನ್ ತಿಂಗಳಲ್ಲಿ. ಈ ನಡುವಣ ಅವಧಿಯಲ್ಲಿ ಹಲವು ಕಂಪನಿಗಳು ತಮ್ಮ ಗ್ರಾಹಕರ ಮುಂದೆ ಎರಡು ದಾರಿಗಳನ್ನು ಇಟ್ಟವು: ಕೊಟ್ಟ ನೂರನ್ನು ನೂರಾಗಿಯೇ ಹಿಂದಕ್ಕೆ ಪಡೆಯಬಹುದು, ಅಥವಾ ಅದೇ ನೂರನ್ನು ಮುಂದಿನ ಪ್ರಯಾಣದ ಲೆಕ್ಕಕ್ಕೆ ನೂರಿಪ್ಪತ್ತೈದಾಗಿ ಬರೆಯಿಸಿಕೊಳ್ಳಬಹುದು. ಮೇಲ್ನೋಟಕ್ಕೆ ಎರಡನೆಯದು ಔದಾರ್ಯ. ಆದರೆ ಹಲವೆಡೆ ಹಣ ಬೇಕೆಂದವರು ತಾವಾಗಿ ಅರ್ಜಿ ತುಂಬಿ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಸುಮ್ಮನಿದ್ದವರ ಹಣ ತಾನೇ ತಾನಾಗಿ ಮುಂದಿನ ಲೆಕ್ಕಕ್ಕೆ ಹೋಗುತ್ತಿತ್ತು. ಮೌನವನ್ನು ಸಮ್ಮತಿಯೆಂದು ಗ್ರಹಿಸುವ ಈ ಪದ್ಧತಿಯಲ್ಲಿ ದೋಷದ ಬೀಜವಿದೆ.

ಮಲೆನಾಡಿನ ಸಾಗರ ಪಟ್ಟಣದಲ್ಲಿ ನನಗೆ ಬಹುಕಾಲದಿಂದ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ಇದ್ದಾರೆ. ಅವರ ಮಗನು ಅಮೆರಿಕದಲ್ಲಿ ನೆಲೆಸಿದವನು. ತಂದೆತಾಯಿಗಳಿಗೆ ಹಿಮಪರ್ವತಗಳನ್ನು ಸಮುದ್ರದ ಮೇಲಿನಿಂದ ತೋರಿಸಬೇಕೆಂಬ ಆಸೆಯಿಂದ 2020ರ ಬೇಸಗೆಗೆ ಅಲಾಸ್ಕಾದ ಕಡೆಗೆ ಹೋಗುವ ಒಂದು ಹಡಗಿನಲ್ಲಿ ಅವರಿಬ್ಬರಿಗೂ ಸ್ಥಳ ಕಾದಿರಿಸಿದ್ದನು. ಯಾತ್ರೆ ನಿಂತಿತು. ಹಣವನ್ನು ಮುಂದಿನ ವರ್ಷಕ್ಕೆ ಹೊಂದಿಸಿಕೊಳ್ಳಲಾಯಿತು. ಮುಂದಿನ ವರ್ಷ ಕೆನಡಾ ದೇಶವು ತನ್ನ ಬಂದರುಗಳಿಗೆ ದೊಡ್ಡ ವಿಹಾರನೌಕೆಗಳು ಬರಕೂಡದೆಂಬ ನಿಷೇಧವನ್ನು ಮುಂದುವರಿಸಿದ್ದರಿಂದ ಆ ಯಾತ್ರೆಯೂ ನಿಂತಿತು. “ಅಪ್ಪಯ್ಯ, ದುಡ್ಡು ಎಲ್ಲಿಯೂ ಹೋಗುವುದಿಲ್ಲ, ಮುಂದಿನ ವರ್ಷ ಖಂಡಿತ” ಎಂದು ಮಗನು ಫೋನಿನಲ್ಲಿ ಹೇಳುತ್ತಲೇ ಇದ್ದನು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ; ಹಣ ಎಲ್ಲಿಯೂ ಹೋಗಲಿಲ್ಲ. 2022ರ ಹೊತ್ತಿಗೆ ಆ ತಾಯಿಗೆ ಮಂಡಿಯ ನೋವು ಬಲಿತು ಮನೆಯ ಮುಂದಿನ ಮೆಟ್ಟಿಲಿಳಿಯುವುದೇ ಪ್ರಯಾಸವಾಗಿತ್ತು. ಆ ಲೆಕ್ಕವನ್ನು ಬೇರೊಬ್ಬರ ಹೆಸರಿಗೆ ವರ್ಗಾಯಿಸಲು ಷರತ್ತುಗಳಲ್ಲಿ ಅವಕಾಶವಿರಲಿಲ್ಲ. ಎಪ್ಪತ್ತರ ಮೇಲಿನ ವಯಸ್ಸಿನಲ್ಲಿ ಎರಡು ವರ್ಷವೆಂಬುದು ಇಪ್ಪತ್ತೈದರ ಎರಡು ವರ್ಷವಲ್ಲವೆಂಬುದನ್ನು, ನೂರನ್ನು ನೂರಿಪ್ಪತ್ತೈದು ಮಾಡುವ ಯಾವ ಗಣಿತವೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ದಿನಾಂಕವೆಂಬುದು ಒಪ್ಪಂದದ ಹೊರಗಿನ ಅಲಂಕಾರವೋ ಅಥವಾ ಒಳಗಿನ ತಿರುಳೋ ಎಂಬ ಜಿಜ್ಞಾಸೆ ಹೊಸತಲ್ಲ. 1902ರ ಜೂನ್ 26ಕ್ಕೆ ಲಂಡನ್ನಿನಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕವೆಂದು ಗೊತ್ತಾಗಿತ್ತು. ಮೆರವಣಿಗೆ ಸಾಗುವ ಪಾಲ್ ಮಾಲ್ ಬೀದಿಯಲ್ಲಿ ಒಬ್ಬಾತನು ಎರಡು ಹಗಲಿನ ಮಟ್ಟಿಗೆ ಕೊಠಡಿಗಳನ್ನು 75 ಪೌಂಡಿಗೆ ಗೊತ್ತುಮಾಡಿ 25 ಪೌಂಡು ಮುಂಗಡ ಕೊಟ್ಟನು. ದೊರೆಗೆ ಹಠಾತ್ತನೆ ಅಸ್ವಸ್ಥತೆಯುಂಟಾಗಿ ಶಸ್ತ್ರಚಿಕಿತ್ಸೆ ನಡೆಯಬೇಕಾಯಿತು. ಪಟ್ಟಾಭಿಷೇಕ ಆಗಸ್ಟ್ 9ಕ್ಕೆ ಮುಂದೆ ಹೋಯಿತು. ಕೊಠಡಿಗಳು ಇದ್ದ ಹಾಗೆಯೇ ಇದ್ದವು, ಕಿಟಕಿಗಳು ಬೀದಿಯ ಕಡೆಗೇ ತೆರೆದಿದ್ದವು, ಮೆರವಣಿಗೆ ಮಾತ್ರ ಇರಲಿಲ್ಲ. ಉಳಿದ 50 ಪೌಂಡನ್ನು ಕೊಡಬೇಕೇ ಎಂಬ ವ್ಯಾಜ್ಯದಲ್ಲಿ, ಕ್ರೆಲ್ ಮತ್ತು ಹೆನ್ರಿ ಎಂಬವರ ನಡುವಣ ಮೊಕದ್ದಮೆಯೆಂದು ಪ್ರಸಿದ್ಧವಾದ 1903ರ ತೀರ್ಪು, ಕೊಡಬೇಕಾಗಿಲ್ಲವೆಂದು ಹೇಳಿತು. ಏಕೆಂದರೆ ಉಭಯ ಪಕ್ಷದವರೂ ಮನಸ್ಸಿನಲ್ಲಿಟ್ಟುಕೊಂಡದ್ದು ನಾಲ್ಕು ಗೋಡೆಗಳನ್ನಲ್ಲ, ಆ ದಿನದ ಆ ದೃಶ್ಯವನ್ನು. ಅದೇ ಸಂದರ್ಭದಲ್ಲಿ ಇನ್ನೊಬ್ಬನು ದೊರೆಯ ನೌಕಾಸೇನಾ ಪರಿವೀಕ್ಷಣೆಯನ್ನು ಜನರಿಗೆ ತೋರಿಸುವುದಕ್ಕೂ ಹಡಗುಗಳ ಸುತ್ತ ವಿಹರಿಸುವುದಕ್ಕೂ ಒಂದು ಉಗಿದೋಣಿಯನ್ನು 250 ಪೌಂಡಿಗೆ ಬಾಡಿಗೆಗೆ ಹಿಡಿದಿದ್ದನು. ಪರಿವೀಕ್ಷಣೆ ರದ್ದಾಯಿತು. ಆದರೆ ಅಲ್ಲಿ ನ್ಯಾಯಾಲಯವು, ನೌಕಾಪಡೆ ಇನ್ನೂ ಅಲ್ಲಿಯೇ ಲಂಗರು ಹಾಕಿ ನಿಂತಿತ್ತು, ಅದರ ಸುತ್ತ ವಿಹಾರ ಮಾಡಲು ಏನೂ ಅಡ್ಡಿಯಿರಲಿಲ್ಲ, ಆದಕಾರಣ ಬಾಡಿಗೆ ಸಲ್ಲತಕ್ಕದ್ದು ಎಂದಿತು. ಎರಡು ತೀರ್ಪುಗಳೂ ಒಂದಕ್ಕೊಂದು ವಿರುದ್ಧವೆಂದು ಕೆಲವರು ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ಯಾತ್ರಿಕನು ಯಾವುದನ್ನು ನೋಡಲು ಹಣ ಕೊಟ್ಟನೋ ಅದು ಉಳಿದಿದೆಯೇ ಇಲ್ಲವೇ ಎಂಬುದೊಂದನ್ನೇ ಎರಡೂ ಕಡೆ ವಿಚಾರಿಸಲಾಗಿದೆ.

ಆದರೆ ಆ ದೇಶದ ನ್ಯಾಯವು ಮುಂಗಡದ ವಿಷಯದಲ್ಲಿ ಬಹುಕಾಲ ಎಡವಿತು. ಪಾಲ್ ಮಾಲ್ ಬೀದಿಯ ಮತ್ತೊಂದು ಕೊಠಡಿಗೆ 100 ಪೌಂಡು ಮುಂಗಡ ಕೊಟ್ಟವನೊಬ್ಬನು ಅದನ್ನು ಹಿಂದಕ್ಕೆ ಕೇಳಿದಾಗ, 1904ರಲ್ಲಿ, ನಷ್ಟವು ಎಲ್ಲಿ ಬಿದ್ದಿದೆಯೋ ಅಲ್ಲಿಯೇ ಇರಲಿ ಎಂಬ ನ್ಯಾಯವನ್ನು ಹೇಳಿ ಬಾಕಿಯನ್ನೂ ಅವನಿಂದಲೇ ಕೊಡಿಸಲಾಯಿತು. ಈ ನಿರ್ದಯ ಸೂತ್ರವನ್ನು ಅಲ್ಲಿನ ಅತ್ಯುಚ್ಚ ನ್ಯಾಯಪೀಠ ತೊಡೆದುಹಾಕಿದ್ದು 1942ರಲ್ಲಿ. ಮುಂಗಡ ಪಡೆದವನು ಕೆಲಸಕ್ಕಾಗಿ ನಿಜವಾಗಿ ಮಾಡಿದ ವೆಚ್ಚವನ್ನು ಅದರಲ್ಲಿ ಉಳಿಸಿಕೊಳ್ಳಬಹುದೆಂಬ ಶಾಸನ ಬಂದದ್ದು 1943ರಲ್ಲಿ. ನಮ್ಮ ದೇಶದ ಕಾಯಿದೆಯಾದರೋ ಈ ವಿಷಯದಲ್ಲಿ ಎಪ್ಪತ್ತು ವರ್ಷ ಮುಂದಿತ್ತು. 1872ನೆಯ ಇಸವಿಯ ಭಾರತೀಯ ಕರಾರು ಕಾಯಿದೆಯ 56ನೆಯ ಕಲಮು, ಮಾಡಲು ಅಸಾಧ್ಯವಾದ ಕಾರ್ಯದ ಒಪ್ಪಂದವು ಶೂನ್ಯವಾಗುತ್ತದೆ ಎನ್ನುತ್ತದೆ. 65ನೆಯ ಕಲಮು, ಹಾಗೆ ಶೂನ್ಯವಾದ ಒಪ್ಪಂದದಿಂದ ಯಾವನು ಯಾವ ಪ್ರಯೋಜನವನ್ನು ಪಡೆದಿದ್ದಾನೋ ಅದನ್ನು ಅವನು ಹಿಂದಿರುಗಿಸತಕ್ಕದ್ದು ಅಥವಾ ಅದಕ್ಕೆ ಪರಿಹಾರ ಕೊಡತಕ್ಕದ್ದು ಎಂದು ವಿಧಿಸುತ್ತದೆ. ಒಪ್ಪಂದಪತ್ರದಲ್ಲಿಯೇ ಬೇರೆ ಮಾತು ಬರೆದಿದ್ದರೆ ಆ ಮಾತು ಮುಂದೆ ಬರುತ್ತದೆಂಬುದು ನಿಜ. ಆದರೆ ಸೂಕ್ಷ್ಮಾಕ್ಷರಗಳಲ್ಲಿ ಒಂದೇ ಪಕ್ಷದವರು ಬರೆದುಕೊಂಡ ಅಂಥ ಮಾತುಗಳಲ್ಲಿ ಗ್ರಾಹಕನಿಗೆ ಅನ್ಯಾಯವಾಗುವಂಥವನ್ನು ಪ್ರಶ್ನಿಸುವುದಕ್ಕೆ, 2020ರ ಜುಲೈ 20ರಂದು, ಮಹಾಮಾರಿಯ ನಡುವೆಯೇ, ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯು ಅವಕಾಶ ಕೊಟ್ಟಿದೆ.

ವಿಮಾನ ಟಿಕೆಟುಗಳ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 2020ರ ಅಕ್ಟೋಬರ್ 1ರಂದು ಕೊಟ್ಟ ಆದೇಶವನ್ನು ನಾನು ಈ ಇಡೀ ವಿಚಾರಕ್ಕೆ ದಾರಿದೀಪವೆಂದು ಭಾವಿಸುತ್ತೇನೆ. ಹಣವನ್ನು ಹಿಂದಿರುಗಿಸಬೇಕೆಂಬುದು ಅದರ ಮೂಲಸೂತ್ರ. ಹಿಂದಿರುಗಿಸಲು ಆ ಕ್ಷಣಕ್ಕೆ ಶಕ್ತಿಯಿಲ್ಲದ ವಿಮಾನಸಂಸ್ಥೆಗಳು ಅದನ್ನು ಪ್ರಯಾಣಿಕನ ಹೆಸರಿನಲ್ಲಿ ಜಮೆಯಾಗಿ ಇಡಬಹುದು. ಆದರೆ ಆ ಜಮೆಯನ್ನು ಅವನು ಯಾವ ಮಾರ್ಗದ ಪ್ರಯಾಣಕ್ಕಾದರೂ ಬಳಸಬಹುದು, ಬೇರೆಯವರಿಗೆ ಕೊಡಲೂಬಹುದು. ಬಳಸದೆ ಉಳಿದಷ್ಟು ದಿನ ಅದರ ಮೌಲ್ಯವು 2020ರ ಜೂನ್ ಕೊನೆಯವರೆಗೆ ತಿಂಗಳಿಗೆ ಶೇಕಡಾ 0.5ರಂತೆಯೂ, ಅನಂತರ ಶೇಕಡಾ 0.75ರಂತೆಯೂ ಏರತಕ್ಕದ್ದು, 2021ರ ಮಾರ್ಚ್ 31ರ ವೇಳೆಗೂ ಬಳಸದಿದ್ದರೆ ಹಣವಾಗಿಯೇ ಕೊಟ್ಟುಬಿಡತಕ್ಕದ್ದು. ಯುರೋಪಿನ ಆಯೋಗವೂ 2020ರ ಮೇ 13ರಂದು, ವೋಚರುಗಳನ್ನು ಪ್ರಯಾಣಿಕರು ಇಷ್ಟಪಟ್ಟರೆ ಮಾತ್ರ ಸ್ವೀಕರಿಸತಕ್ಕದ್ದೆಂದು ಸಲಹೆ ಮಾಡಿತು. ನಮ್ಮ ರೈಲ್ವೆಯಂತೂ ತಾನೇ ರದ್ದುಮಾಡಿದ ಗಾಡಿಗಳ ಟಿಕೆಟಿನ ಪೂರ್ಣ ಹಣವನ್ನು ಕೊಟ್ಟಿತು. ಬೆಂಗಳೂರಿನಿಂದ ತಾಳಗುಪ್ಪದವರೆಗೆ ರಾತ್ರಿಯ ಗಾಡಿಯಲ್ಲಿ ಬಂದು ಬೆಳಗ್ಗೆ ಜೋಗದ ದಾರಿ ಹಿಡಿಯಬೇಕೆಂದಿದ್ದವರಿಗೆ ಆ ಮಟ್ಟಿಗೆ ನಷ್ಟವಾಗಲಿಲ್ಲ.

ಇನ್ನು ಜೋಗದ ಕಡೆಗೇ ಬರೋಣ. ಹಡಗಿನ ಕಂಪನಿಗಳೂ ವಿಮಾನಸಂಸ್ಥೆಗಳೂ ದೂರದ ಮಾತಾದವು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹೋಂ ಸ್ಟೇಗಳು, ಲಾಡ್ಜುಗಳು, ಟೂರಿನ ಗಾಡಿಗಳು ಇವುಗಳ ವ್ಯವಹಾರವು ಕಣ್ಣೆದುರಿಗೇ ನಡೆದದ್ದು. ಇಲ್ಲಿಯೂ ಅದೇ ಮಾತು ಕೇಳಿಬಂತು: ಮುಂಗಡ ವಾಪಸಿಲ್ಲ, ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಬನ್ನಿ. ಒಂದು ವರ್ಷವೆಂಬುದು ಉದಾರವಾದ ಅವಧಿಯೆಂದು ತೋರುತ್ತದೆ. ಆದರೆ ಈ ಸೀಮೆಯಲ್ಲಿ ಬದುಕಿದವರಿಗೆ ಗೊತ್ತಿದೆ, ಇಲ್ಲಿ ಒಂದು ಸ್ಥಳಕ್ಕೆ ವರ್ಷದಲ್ಲಿ ಒಂದೇ ರೂಪವಿರುವುದಿಲ್ಲ. ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳು ಹಿಡಿದು ಸುರಿಯುವಾಗ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು 253 ಮೀಟರಿನ, ಎಂದರೆ 830 ಅಡಿಯ, ಬಂಡೆಯ ಗೋಡೆಯಿಂದ ಧುಮುಕುವ ಜೋಗ ಒಂದು. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಕರಿಯ ಬಂಡೆಯ ಮೇಲೆ ಸಣ್ಣದೊಂದು ನೂಲಿನಂತೆ ನೀರು ಇಳಿಯುವ ಜೋಗ ಇನ್ನೊಂದು. ಇದು ಬರಿಯ ಋತುಧರ್ಮವೂ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರೈಸಿದಂದಿನಿಂದ ಶರಾವತಿಯ ನೀರು ಮೊದಲು ವಿದ್ಯುತ್ತಿಗೆ, ಆಮೇಲೆ ನೋಟಕ್ಕೆ. ಜಲಾಶಯವು 1,819 ಅಡಿಗಳ ಮಟ್ಟಕ್ಕೆ ಸಮೀಪಿಸಿ ಬಾಗಿಲು ತೆರೆದಾಗಲೇ ಜೋಗದ ಪೂರ್ಣ ವೈಭವ ಕಾಣತಕ್ಕದ್ದು, ಆ ಭಾಗ್ಯ ಎಲ್ಲ ವರ್ಷವೂ ಒದಗುವುದಿಲ್ಲ. ಆಗುಂಬೆಯ ಸೂರ್ಯಾಸ್ತಕ್ಕೆ ಇದಕ್ಕೆ ವಿಪರ್ಯಯವಾದ ನಿಯಮ: ಮಾಗಿಯ ನಿರ್ಮಲ ಸಂಜೆಗಳಲ್ಲಿ ಅರಬ್ಬಿ ಸಮುದ್ರದ ಅಂಚಿನವರೆಗೂ ದೃಷ್ಟಿ ಹರಿದರೆ, ಮಳೆಗಾಲದಲ್ಲಿ ಹತ್ತು ಮಾರಿನ ಆಚೆಗಿನದು ಕಾಣದು. ಮಳೆ ಹಿಡಿದಾಗ ಕೊಡಚಾದ್ರಿಯ ಜೀಪಿನ ದಾರಿ ಕೆಸರಾಗಿ ಏರಲಾಗದಂತಾಗುತ್ತದೆ. ಜುಲೈ ತಿಂಗಳ ಜಲಪಾತಕ್ಕೆಂದು ಹಣ ಕೊಟ್ಟವನಿಗೆ ಏಪ್ರಿಲ್ ತಿಂಗಳ ಕೊಠಡಿಯನ್ನು ಕೊಟ್ಟು ಲೆಕ್ಕ ಮುಗಿಯಿತೆಂದರೆ, ಮೆರವಣಿಗೆಯಿಲ್ಲದ ಬೀದಿಗೆ ತೆರೆದ ಪಾಲ್ ಮಾಲ್‌ನ ಕಿಟಕಿಗಳನ್ನೇ ಅವನಿಗೆ ಕೊಟ್ಟ ಹಾಗಾಯಿತು.

ಹಾಗಾದರೆ ಮಲೆನಾಡಿನ ಹೋಂ ಸ್ಟೇಯವರನ್ನು ಸಮುದ್ರದ ಹಡಗಿನ ಕಂಪನಿಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಖಂಡಿತವಾಗಿಯೂ ಕೂಡದು. ಇವರಲ್ಲಿ ಬಹುಮಂದಿ ಅಡಕೆ ಬೆಳೆಗಾರರು. ಹಳೆಯ ಮನೆಯ ಒಂದು ಭಾಗವನ್ನು ದುರಸ್ತಿ ಮಾಡಿಸಿ, ಎರಡು ಮೂರು ಕೋಣೆಗಳಿಗೆ ಸ್ನಾನದ ಮನೆ ಜೋಡಿಸಿ, ಸೊಸೈಟಿಯಲ್ಲಿಯೋ ಬ್ಯಾಂಕಿನಲ್ಲಿಯೋ ಸಾಲ ತೆಗೆದು ಈ ಕಸುಬಿಗೆ ಇಳಿದವರು. ಅವರಿಗೆ ಈ ಪೆಟ್ಟು ಮೊದಲನೆಯದೂ ಆಗಿರಲಿಲ್ಲ. 2018ರ ಕೊನೆಯಿಂದ 2019ರ ಬೇಸಗೆಯವರೆಗೆ ಜೋಗಕ್ಕೆ ಸಮೀಪದ ಅರಲಗೋಡು ಪ್ರದೇಶದಲ್ಲಿ ಮಂಗನ ಕಾಯಿಲೆ ಹಬ್ಬಿ ಹಲವರು ತೀರಿಕೊಂಡಾಗ, ಹೊರಗಿನವರು ಈ ಕಡೆಯ ಕಾಡಿನ ಹೆಸರು ಕೇಳಿದರೇ ಹಿಂಜರಿಯುತ್ತಿದ್ದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಆ ರೋಗ ಆರು ದಶಕಗಳ ಮೇಲೂ ಈ ಸೀಮೆಯನ್ನು ಬಿಟ್ಟಿಲ್ಲ. ಅದರಿಂದ ಚೇತರಿಸಿಕೊಳ್ಳುವುದರೊಳಗೆ ಕೊರೋನಾ ಬಂತು. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಸಾಲದ ಕಂತುಗಳನ್ನು ಮೂರು ತಿಂಗಳ ಮಟ್ಟಿಗೆ ಮುಂದೂಡಲು ಅನುಮತಿ ಕೊಟ್ಟು, ಅನಂತರ ಆಗಸ್ಟ್ ಕೊನೆಯವರೆಗೆ ವಿಸ್ತರಿಸಿತಾದರೂ, ಮುಂದೂಡಿದ ಕಂತಿನ ಮೇಲೆ ಬಡ್ಡಿ ಓಡುತ್ತಲೇ ಇತ್ತು. ಬಡವನು ಮುಂದೂಡಿದರೆ ಬಡ್ಡಿ ಬೀಳುತ್ತದೆ, ಬಲ್ಲಿದನು ಮುಂದೂಡಿದರೆ ಬೀಳುವುದಿಲ್ಲ ಎಂಬ ವ್ಯತ್ಯಾಸ ಆ ವರ್ಷ ಬಹಳ ಸ್ಪಷ್ಟವಾಗಿ ಕಾಣಿಸಿತು.

ಹೊಸನಗರ ತಾಲ್ಲೂಕಿನ ಅಂಥ ಒಂದು ಮನೆಯಲ್ಲಿ ಗೃಹಿಣಿಯೇ ಲೆಕ್ಕ ಬರೆಯುತ್ತಾರೆ. ಆ ಕಾಲದ ಅವರ ಪುಸ್ತಕವನ್ನು ನೋಡುವ ಅವಕಾಶ ನನಗೆ ದೊರೆಯಿತು. ಶಾಲೆಯ ಮಕ್ಕಳು ಬಳಸುವಂಥ ಉದ್ದನೆಯ ನೋಟ್‌ಬುಕ್ಕು. ಅಡ್ಡಗೆರೆ ಎಳೆದು ಹೆಸರು, ಊರು, ಬರುವ ದಿನ, ಎಷ್ಟು ಜನ, ಅಡ್ವಾನ್ಸ್ ಎಂದು ಮನೆ ಹಾಕಿದ್ದಾರೆ. 2020ರ ಬೇಸಗೆ ರಜೆಯ ಪುಟಗಳಲ್ಲಿ ಬಹುಪಾಲು ಸಾಲುಗಳ ಕೊನೆಗೆ ಕೆಂಪು ಶಾಯಿಯಲ್ಲಿ ಮೂರು ಮಾತುಗಳಲ್ಲಿ ಒಂದಿದೆ: ‘ವಾಪಸ್’, ‘ಮುಂದಕ್ಕೆ’, ‘ಬಿಟ್ಟಿದ್ದಾರೆ’. ‘ವಾಪಸ್’ ಎಂಬುದರ ಎದುರಿಗೆ ಹಣ ಕಳಿಸಿದ ದಿನಾಂಕವಿದೆ; ಕೆಲವು ಎರಡು ಕಂತಿನಲ್ಲಿ, ಅಡಕೆ ಮಾರಿದ ಮೇಲೆ ಹೋಗಿವೆ. ‘ಮುಂದಕ್ಕೆ’ ಎಂಬುದರ ಎದುರಿಗೆ ಬರಬೇಕಾಗಿದ್ದವರು ಕೇಳಿದ ಕಾಲ ಬರೆದಿದೆ: ಮಳೆಗಾಲ, ದಸರೆಯ ಹೊತ್ತು, ದೀಪಾವಳಿ ಕಳೆದು. ‘ಬಿಟ್ಟಿದ್ದಾರೆ’ ಎಂಬವು ಕೆಲವೇ. ಅವು ಏಕೆ ಅಷ್ಟು ಕಡಮೆಯೆಂದು ಕೇಳಿದ್ದಕ್ಕೆ ಆಕೆ, “ಅವರಾಗಿ ಬಾಯಿಬಿಟ್ಟು ಹೇಳದೆ ನಾ ಹಾಗೆ ಬರಿಯೋದಿಲ್ಲ” ಎಂದರು. ಫೋನು ಎತ್ತದವರ, ಮತ್ತೆ ಸುದ್ದಿಯೇ ಇಲ್ಲದವರ ಸಾಲುಗಳು ಇಂದಿಗೂ ಖಾಲಿ ಬಿದ್ದಿವೆ. ಆ ಮೊತ್ತಗಳನ್ನು ಆಕೆ ಆದಾಯಕ್ಕೆ ಸೇರಿಸಿಲ್ಲ. ಸರ್ವೋಚ್ಚ ನ್ಯಾಯಾಲಯದ ಆದೇಶದ ಸಾರವೆಲ್ಲ ಆ ಮೂರು ಮಾತುಗಳಲ್ಲಿ ಇದೆಯೆಂದು ನನಗೆ ಅನ್ನಿಸಿತು.

ಮಲೆನಾಡಿಗರಿಗೆ ಈ ವಿವೇಕ ಹೊರಗಿನಿಂದ ಬರಬೇಕಾಗಿಲ್ಲ. ಅಡಕೆ ಮಂಡಿಯ ವ್ಯವಹಾರವೇ ಮುಂಗಡದ ಮೇಲೆ ನಿಂತದ್ದು. ಫಸಲಿನ ಮೇಲೆ ಬೆಳೆಗಾರನು ಮಂಡಿಯಿಂದ ಮುಂಗಡ ಪಡೆಯುತ್ತಾನೆ. ಕೊಳೆರೋಗ ಬಂದು ಕೊನೆಗಳು ಉದುರಿಹೋದ ವರ್ಷ ಅವನ ತಪ್ಪೇನೂ ಇರುವುದಿಲ್ಲ. ಆದರೂ ಆ ಮುಂಗಡ ಮುಂದಿನ ವರ್ಷದ ಲೆಕ್ಕಕ್ಕೆ ಬಡ್ಡಿಯೊಡನೆ ಹೋಗುತ್ತದೆ. ಬೆಳೆಗಾರನ ಕೈಯಲ್ಲಿರುವ ಮುಂಗಡಕ್ಕೆ ಅನ್ವಯಿಸುವ ಈ ನ್ಯಾಯವು, ಯಾತ್ರಿಕನಿಂದ ಪಡೆದ ಮುಂಗಡಕ್ಕೆ ಅನ್ವಯಿಸದಿರಲು ಕಾರಣವಿಲ್ಲ.

ನನ್ನ ವಾದಕ್ಕೆ ಎದುರಾಗಿ ಬಲವಾದ ಆಕ್ಷೇಪವೊಂದಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಎಲ್ಲರೂ ಏಕಕಾಲಕ್ಕೆ ತಮ್ಮ ಹಣವನ್ನು ಕೇಳಿದರೆ ದೊಡ್ಡ ಸಂಸ್ಥೆಗಳೂ ನೆಲಕಚ್ಚುತ್ತವೆ, ಸಣ್ಣವರ ಗತಿಯೇನು? ಹಣವು ಅವರ ಪೆಟ್ಟಿಗೆಯಲ್ಲಿ ಕುಳಿತಿರುವುದಿಲ್ಲ. ಹೊದಿಕೆ ಹಾಸಿಗೆಗಳಾಗಿ, ಅಡುಗೆಯವರ ಸಂಬಳವಾಗಿ, ಬ್ಯಾಂಕಿನ ಕಂತಾಗಿ ಆಗಲೇ ಖರ್ಚಾಗಿರುತ್ತದೆ. ಈ ಆಕ್ಷೇಪದಲ್ಲಿ ಸತ್ಯವಿದೆ. ಆದಕಾರಣವೇ, ಆ ಬುಕಿಂಗಿಗಾಗಿ ನಿಜವಾಗಿ ಮಾಡಿದ ವೆಚ್ಚವನ್ನು ಲೆಕ್ಕ ತೋರಿಸಿ ಕಳೆದುಕೊಳ್ಳುವುದಕ್ಕೂ, ಉಳಿದುದನ್ನು ಕಂತಿನಲ್ಲಿ ಕೊಡುವುದಕ್ಕೂ, ಕೊಟ್ಟವನು ಒಪ್ಪಿದರೆ ಮುಂದಕ್ಕೆ ಹೊಂದಿಸುವುದಕ್ಕೂ ಅವಕಾಶವಿರಬೇಕೆಂದು ನಾನು ಒಪ್ಪುತ್ತೇನೆ. ಒಪ್ಪಲಾಗದ್ದು, ಸಣ್ಣವರ ಸಂಕಟವನ್ನು ಮುಂದೆ ಮಾಡಿ ದೊಡ್ಡವರು ಪಡೆಯುವ ರಿಯಾಯಿತಿ. ಸಂಸ್ಥೆಗೆ ಹಣದ ಕೊರತೆಯಿದ್ದರೆ ಅದು ಬ್ಯಾಂಕಿನಿಂದ ಬಡ್ಡಿಗೆ ಸಾಲ ಪಡೆಯತಕ್ಕದ್ದು. ಸಾವಿರಾರು ಗ್ರಾಹಕರಿಂದ ಅವರನ್ನು ಕೇಳದೆ ಬಡ್ಡಿಯಿಲ್ಲದ ಸಾಲ ಪಡೆಯುವುದು ಯಾವ ನ್ಯಾಯ? ಅದೂ ಅಲ್ಲದೆ, ವೋಚರು ಹಿಡಿದವನು ಆ ಸಂಸ್ಥೆ ಮುಳುಗಿದ ದಿನ ಸಾಲಿಗರ ಸಾಲಿನಲ್ಲಿ ಕಟ್ಟಕಡೆಗೆ ನಿಲ್ಲುವ ಅಪಾಯವಿದೆ. ಬ್ರಿಟನ್ನಿನ ಕ್ರೂಸ್ ಅಂಡ್ ಮ್ಯಾರಿಟೈಮ್ ವಾಯೇಜಸ್ ಎಂಬ ಕಂಪನಿಯು 2020ರ ಜುಲೈನಲ್ಲಿಯೇ ಕುಸಿದುಬಿತ್ತು. ವಿಮೆಯೋ ಠೇವಣಿಯೋ ಬೆನ್ನಿಗಿಲ್ಲದ ಸಂಸ್ಥೆ ಬರೆದುಕೊಟ್ಟ ನೂರಿಪ್ಪತ್ತೈದರ ಕಾಗದಕ್ಕಿಂತ ಕೈಗೆ ಬಂದ ತೊಂಬತ್ತೇ ಮೇಲು.

ಬುಕಿಂಗು, ಮುಂಗಡ, ವೋಚರು ಇವುಗಳ ಚರ್ಚೆಯಲ್ಲಿ ತೊಡಗಿದವರೆಲ್ಲರೂ, ನಾನೂ ಸೇರಿದಂತೆ, ಒಂದಲ್ಲ ಒಂದು ಬಗೆಯಲ್ಲಿ ಕಾಗದದ ಆಧಾರವುಳ್ಳವರು. ಜೋಗದ ನೋಟದ ಕಟ್ಟೆಯ ಬಳಿ ಬಂದವರ ಫೋಟೊ ತೆಗೆದು ಅಲ್ಲಿಯೇ ಪ್ರತಿ ಕೊಡುವವರು, ಕೆಂಡದ ಮೇಲೆ ಜೋಳದ ತೆನೆ ಸುಡುವವರು, ಸಿಗಂದೂರಿಗೆ ಹೋಗುವ ಯಾತ್ರಿಕರನ್ನು ಹಿನ್ನೀರು ದಾಟಿಸುವ ಲಾಂಚಿನ ದಡದವರೆಗೆ ಕರೆದೊಯ್ಯುತ್ತಿದ್ದ ಬಾಡಿಗೆ ಗಾಡಿಯವರು, ಹೋಟೆಲುಗಳಲ್ಲಿ ಪಾತ್ರೆ ತೊಳೆಯುತ್ತಿದ್ದವರು, ಇವರಿಗೆ ಯಾರೂ ಮುಂಗಡ ಕೊಟ್ಟಿರಲಿಲ್ಲ. ಇವರ ದಿನವನ್ನು ಯಾರೂ ಮುಂದಿನ ವರ್ಷಕ್ಕೆ ಹೊಂದಿಸಿಕೊಡಲಿಲ್ಲ. ದೇವಾಲಯಗಳು ಮುಚ್ಚಿದವು, ಲಾಂಚು ಹೊರಡುತ್ತಿದ್ದ ಹೊಳೆಬಾಗಿಲಿನ ದಡದಲ್ಲಿ ಯಾತ್ರಿಕರ ಗದ್ದಲ ಅಡಗಿತು. ವಿಹಾರಿಯ ಒಂದು ದಿನ ಮುಂದೆ ಹೋಗಬಹುದು, ದಿನಗೂಲಿಯವನ ಒಂದು ದಿನ ಹೋದರೆ ಹೋಯಿತು. ಇಲ್ಲಿ ಹೇಳಬೇಕಾದದ್ದಿಷ್ಟೆ: ಅನುಕೂಲವುಳ್ಳ ಯಾತ್ರಿಕರು ತಮ್ಮ ಮುಂಗಡವನ್ನು ಬಿಟ್ಟುಕೊಟ್ಟದ್ದುಂಟು, ಅದು ಸ್ತುತ್ಯವಾದ ಕಾರ್ಯ. ಆದರೆ ಯಾತ್ರಿಕನು ಬಿಟ್ಟುಕೊಟ್ಟದ್ದು ಅಡುಗೆಯವನಿಗೂ ಗಾಡಿಯವನಿಗೂ ಮುಟ್ಟಬೇಕಾದರೆ ಅದು ದಾನವಾಗಿ, ತಿಳಿದು ಕೊಟ್ಟದ್ದಾಗಿ ಬರಬೇಕು. ಬಲವಂತದಿಂದ ಹಿಡಿದಿಟ್ಟ ಹಣವು ದಾನದ ಹೆಸರನ್ನು ಹೊತ್ತರೆ ಮುಂದೆ ದಾನ ಮಾಡುವ ಮನಸ್ಸುಗಳೇ ಮುದುಡುತ್ತವೆ.

ಮುಂದೆ ನೋಡೋಣ ಎಂಬ ಮಾತು ಬಲಿಷ್ಠರ ಬಾಯಿಂದ ಹೊರಟಾಗ ಅದರ ಅರ್ಥವೇನೆಂಬುದನ್ನು ಈ ಸೀಮೆಗಿಂತ ಚೆನ್ನಾಗಿ ಬಲ್ಲ ಸೀಮೆ ಕರ್ನಾಟಕದಲ್ಲಿ ಹೆಚ್ಚಿಲ್ಲ. ಲಿಂಗನಮಕ್ಕಿಯ ನೀರಿನಲ್ಲಿ ಊರು ಮನೆ ಗದ್ದೆ ತೋಟಗಳನ್ನು ಕಳೆದುಕೊಂಡು ಇದೇ ತಾಲ್ಲೂಕುಗಳಲ್ಲಿಯೂ ಸುತ್ತಣ ಕಾಡುಗಳ ಅಂಚಿನಲ್ಲಿಯೂ ನೆಲೆನಿಂತ ಕುಟುಂಬಗಳಲ್ಲಿ ಎಷ್ಟೋ ಮಂದಿ, ಮೂರನೆಯ ತಲೆಮಾರು ಬಂದರೂ, ಉಳುವ ನೆಲದ ಹಕ್ಕುಪತ್ರಕ್ಕಾಗಿ ಅಲೆಯುತ್ತಲೇ ಇದ್ದಾರೆ. ಒಂದು ವಿಹಾರದ ಮುಂಗಡವನ್ನು ಆ ಮಹಾದುಃಖದ ಪಕ್ಕದಲ್ಲಿ ಇಡುವುದು ಅನುಚಿತವೆಂದು ನನಗೆ ಗೊತ್ತು. ಆದರೂ, ಅವಧಿಯನ್ನು ನಮೂದಿಸದೆ ಕೊಡುವ ವಚನವು ಸಣ್ಣದರಲ್ಲಿಯೂ ದೊಡ್ಡದರಲ್ಲಿಯೂ ಒಂದೇ ರೀತಿ ಕೆಡುತ್ತದೆ ಎಂಬುದನ್ನು ಕಣ್ಣಾರೆ ಕಂಡ ನಾಡಿನಲ್ಲಿ ಅವಧಿಯಿಲ್ಲದ ವಾಗ್ದಾನಗಳನ್ನು ಇನ್ನೂ ಹೆಚ್ಚಿಸತಕ್ಕದ್ದಲ್ಲ.

ಕೊರೋನಾ ಕಳೆಯಿತಲ್ಲ, ಈಗೇಕೆ ಈ ಮಾತು ಎಂದು ಕೇಳುವವರಿಗೆ ಉತ್ತರ ಸುಲಭ. ಮಳೆ ಅತಿಯಾದ ವರ್ಷ ಘಾಟಿಯ ರಸ್ತೆಗಳಲ್ಲಿ ಮಣ್ಣು ಕುಸಿಯುತ್ತದೆ. ಮಂಗನ ಕಾಯಿಲೆ ಚಳಿಗಾಲ ಕಳೆಯುತ್ತಿದ್ದಂತೆ ಮತ್ತೆ ತಲೆಯೆತ್ತುತ್ತದೆ. ಜಿಲ್ಲಾಡಳಿತವು ಜನರ ಕ್ಷೇಮಕ್ಕಾಗಿ ಪ್ರವಾಸಿಗರನ್ನು ತಡೆಯಬೇಕಾದ ಸಂದರ್ಭ ಮತ್ತೆ ಬಂದೇ ಬರುತ್ತದೆ. ಆಗ ವಾಟ್ಸಾಪಿನಲ್ಲಿ ಜಗಳವಾಡುವುದರ ಬದಲು ಈಗಲೇ ನಿಯಮ ಮಾಡಿಕೊಳ್ಳುವುದು ವಿವೇಕ. ಮುಂಗಡ ಪಡೆಯುವವರೆಲ್ಲರೂ ರಸೀದಿಯಲ್ಲಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಇಷ್ಟನ್ನು ಬರೆದರೆ ಸಾಕು: ಸರ್ಕಾರದ ಆಜ್ಞೆಯಿಂದಲೋ ದೈವಿಕ ವಿಪತ್ತಿನಿಂದಲೋ ಪ್ರವಾಸ ನಿಂತರೆ ಮುಂಗಡವನ್ನು ಇಷ್ಟು ದಿನದೊಳಗೆ ಹಿಂದಿರುಗಿಸಲಾಗುವುದು, ಮುಂಗಡ ಕೊಟ್ಟವರು ಬಯಸಿದರೆ ಅವರು ಹೇಳಿದ ಋತುವಿಗೆ, ಹಳೆಯ ದರದಲ್ಲಿಯೇ ಹೊಂದಿಸಲಾಗುವುದು, ಬುಕಿಂಗನ್ನು ಬೇರೆಯವರಿಗೆ ವರ್ಗಾಯಿಸಬಹುದು. ಪ್ರವಾಸೋದ್ಯಮ ಇಲಾಖೆಯು ಹೋಂ ಸ್ಟೇಗಳನ್ನು ನೋಂದಾಯಿಸಿಕೊಳ್ಳುವಾಗ ಈ ಒಕ್ಕಣೆಯನ್ನು ಕಡ್ಡಾಯ ಮಾಡಬೇಕು. ಜೊತೆಗೆ, ಪ್ರವಾಸ ನಿಂತ ಕಾಲದಲ್ಲಿ ಸಣ್ಣವರು ಮುಂಗಡ ಹಿಂದಿರುಗಿಸಲು ಸಹಕಾರ ಸಂಘಗಳ ಮೂಲಕ ಅಲ್ಪ ಬಡ್ಡಿಯ ಸಾಲ ದೊರೆಯುವಂತೆ ಸರ್ಕಾರ ಏರ್ಪಾಡು ಮಾಡಬೇಕು. ಯಾತ್ರಿಕರೂ ಸುಮ್ಮನಿರತಕ್ಕದ್ದಲ್ಲ. ಹಣ ಬೇಕೋ, ಮುಂದಕ್ಕೆ ಬೇಕೋ, ಬಿಟ್ಟಿದ್ದೀರೋ ಎಂಬುದನ್ನು ಫೋನು ಮಾಡಿ ಸ್ಪಷ್ಟವಾಗಿ ಹೇಳಿ. ಇಂದಿಗೂ ಖಾಲಿ ಉಳಿದ ಸಾಲುಗಳಲ್ಲಿ ನಿಮ್ಮ ಹೆಸರಿದ್ದರೆ ಇಂದೇ ಹೇಳಿ. ಕೊಟ್ಟ ಹಣವನ್ನು ಕೇಳಿಯೂ ಕೊಡದವರ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಮೊತ್ತ ಐದು ಲಕ್ಷ ರೂಪಾಯಿಯನ್ನು ಮೀರದಿದ್ದರೆ ಅದಕ್ಕೆ ಶುಲ್ಕವಿಲ್ಲ.